ಬಾಜೂ ಮನಿಯಾಕಿಗೆ ವೋಟ್ ಇರಲಿಲ್ಲ

ಬ್ರೆಕ್ಸಿಟ್ ಅಂದ್ರ ಅದೊಂದು ನಮೂನಿ ಬಿಸ್ಕಿಟ್ ಅಂತ ನಮ್ಮ ಆತ್ಯಾ ಭಾಳ ದಿವಸ ತಿಳ್ಕೊಂಡಿದ್ರು. "ಲಂಡನ್ನಿಂದ ಬರೂಮುಂದ ಒಂದೆರಡು ಪಾಕೀಟು ತರ್ಲಿಕ್ಕೆ ಹೇಳವಾ" ಅಂತನೂ ಅಂದಿದ್ರು. ನಗಬ್ಯಾಡ್ರಿ. ವೋಟ್ ಹಾಕಿದ ಮಂದಿಗೂ ಅದೇನಂತ ಪೂರಾ ಗೊತ್ತಿರಲಿಲ್ಲಾ ಅಂತ ಮರುದಿವಸದಿಂದ ಪೇಪರಿನವ್ರು ಬರದ್ರು, ಅದನ್ನ ಓದಿ ಜಗತ್ತೆಲ್ಲಾ ನಕ್ಕಿತು. ಆ ನಗೂದರ ಬಗ್ಗೆನ ಇವತ್ತ ನಾ ನಾಕು ಮಾತು ಬರೀಬೇಕಂತ ಮಾಡೇನಿ.

ಈ ಜೂನ್ 23ಕ್ಕ ಅದಕ್ಕ ಹತ್ತು ವರ್ಷ ತುಂಬ್ತದ. ಇಷ್ಟು ಹಳೇ ಸುದ್ದಿ ಈಗ್ಯಾಕ ಅಂತೀರೇನು? ನಮ್ಮ ಓಣ್ಯಾಗ ಲೆಕ್ಕಾ ಹಾಕಿದ್ರ ಐದು ಮನಿ ಹುಡುಗೂರು ಆ ದೇಶದಾಗ ಇದ್ದಾರ. ಒಬ್ಬಾಕಿ ನರ್ಸು, ಇಬ್ರು ಸಾಫ್ಟ್‌ವೇರು, ಇಬ್ರು ಇನ್ನೂ ಓದ್ಲಿಕ್ಕೆ ಹತ್ಯಾರ. ಅವರ ಅವ್ವಂದ್ರು ಸಂಜಿಕೆ ಗುಡಿ ಕಟ್ಟಿ ಮ್ಯಾಲೆ ಕೂತಾಗ ಒಂದ ಮಾತು, "ಅಲ್ಲೆ ಈಗ ಮೊದಲಿನಂಗಿಲ್ಲಂತ, ನಮ್ಮವ್ರನ್ನ ಕಂಡ್ರ ಆಗೂದಿಲ್ಲಂತ." ಪರದೇಶದವ್ರನ್ನ ಕಂಡ್ರ ಆಗದ ಮಂದಿ ಅಲ್ಲೆ ಮೊದಲಿಂದನೂ ಇದ್ರು ಅಂತ ನಮಗೆಲ್ಲಾ ಗೊತ್ತದ. ಆದ್ರ ಮನಸಿನ್ಯಾಗ ಇದ್ದದ್ದನ್ನ ಬಾಜಾರದಾಗ ನಿಂತು ಅನ್ನೂ ಧೈರ್ಯ ಭಾಳ ಮಂದಿಗೆ ಬಂದದ್ದು ಆ ರಿಸಲ್ಟಿನ ಮುಂದಿನ ವಾರದಾಗ. ಆವಾಗ ಆ ಮಾತು ಅನ್ನಿಸ್ಕೊಂಡವ್ರು ನಾವಾಗಿರಲಿಲ್ಲ, ಹಿಂಗಾಗಿ ನಾವು ಅದನ್ನ ಕಿವಿಗೆ ಹಾಕ್ಕೋಲಿಲ್ಲ.

ಗೊತ್ತಿಲ್ಲದವ್ರಿಗೆ ಸಣ್ಣದಾಗಿ ಹೇಳಿಬಿಡ್ತೇನಿ. ಬ್ರಿಟನ್ 1973ರಾಗ ಯುರೋಪಿನ ಒಕ್ಕೂಟ ಸೇರಿತ್ತು. ಇರೋಣೋ ಬ್ಯಾಡೋ ಅಂತ 1975ರಾಗ ಒಮ್ಮೆ ಮಂದೀನ್ನ ಕೇಳಿದಾಗ ನೂರಕ್ಕ 67 ಮಂದಿ ಇರೋಣು ಅಂದಿದ್ರು. 41 ವರ್ಷ ಆದ ಮ್ಯಾಲೆ, 2016ರಾಗ, ಪ್ರಧಾನಮಂತ್ರಿ ಡೇವಿಡ್ ಕ್ಯಾಮರೂನ್ ಮತ್ತ ಅದ ಪ್ರಶ್ನಿ ಕೇಳಿದ್ರು. ಜೂನ್ 23, ಗುರುವಾರ. ಲಂಡನ್ನಿನ್ಯಾಗ ಅವತ್ತ ಧೋ ಧೋ ಮಳಿ. ಮರುದಿವಸ ಅಲ್ಲೆ ಬೆಳಗಿನ ಐದು ಬಡಿಯೂದ್ರಾಗ ಬಿಬಿಸಿಯವ್ರು ಹೇಳಿಬಿಟ್ರು, ಬ್ರಿಟನ್ ಹೊರಗ ಹೋಗ್ತದಂತ. ನಮ್ಮ ಕಡೆ ಆವಾಗ ಮುಂಜಾನೆ ಒಂಬತ್ತು ದಾಟಿತ್ತು. ಹೋಗೋಣು ಅಂದವರು 1,74,10,742 ಮಂದಿ, ಇರೋಣು ಅಂದವರು 1,61,41,241. ನೂರು ಮಂದಿ ಪಂಕ್ತಿಗೆ ಕೂತಾರಂತ ತಿಳೀರಿ, 52 ಮಂದಿ ಸಾರು ಬೇಕು ಅಂದ್ರು, 48 ಮಂದಿ ಮಜ್ಜಿಗಿ ಬೇಕು ಅಂದ್ರು. ವೋಟ್ ಇದ್ದೂ ಹಾಕದವ್ರು ಬ್ಯಾರೆನ, ನೂರಕ್ಕ 28ರ ಹತ್ರ.

ಅವತ್ತ ಮುಂಜಾನೆನ ಕ್ಯಾಮರೂನ್ ಮನಿ ಬಾಗಲದಾಗ ನಿಂತು ರಾಜೀನಾಮೆ ಕೊಡ್ತೇನಿ ಅಂದ್ರು. ಪೌಂಡಿನ ಬೆಲಿ 1985ರಿಂದ ಈಚೆ ಎಂದೂ ಇಳೀದಷ್ಟು ಇಳೀತು. ಇವೆಲ್ಲಾ ಟಿವಿಯೊಳಗ ನೀವೂ ನೋಡಿರ್ತೀರಿ. ರೊಕ್ಕ ಕಳಸೂ ಮಕ್ಕಳಿದ್ದವರ ಮನ್ಯಾಗ ಅವತ್ತ ಅಡಗಿ ಬಿಟ್ಟು ಪೌಂಡಿನ ಲೆಕ್ಕಾ ನಡದಿತ್ತು, ಅದೂ ನೆನಪಿರಬೇಕು.

ನಂಗ ಬೇಕಾದದ್ದು ಆ ಮುಂದಿನ ಮಾತು. ಸೋತವ್ರು ಏನಂದ್ರು, ಗೆದ್ದವ್ರು ಏನಂದ್ರು.

ಸೋತವ್ರಿಂದ ಸುರು ಮಾಡೋಣು, ಯಾಕಂದ್ರ ನಾ ಅಲ್ಲಿದ್ದಿದ್ರ ಆ ಕಡೀನ ಇರ್ತಿದ್ದೆ. ಇರೋಣು ಅಂತ ಹಾಕ್ತಿದ್ದೆ, ಅದನ್ನ ಮುಚ್ಚಿಡೂದಿಲ್ಲ. ಆದ್ರ ಆ ಕಡೆಯವ್ರು ಆಡಿದ ಮಾತು ಕೇಳಿ ನಂಗ ನಾಚಿಕಿ ಬಂತು. ವೋಟಿಂಗ್ ಮುಗದ ಮ್ಯಾಲೆ ಬ್ರಿಟನ್ನಿನ ಮಂದಿ ಗೂಗಲ್ಲಿನ್ಯಾಗ "ಯುರೋಪಿಯನ್ ಯೂನಿಯನ್ ಅಂದ್ರೇನು" ಅಂತ ಹುಡುಕ್ಲಿಕ್ಕೆ ಹತ್ಯಾರಂತ ಒಂದು ಸುದ್ದಿ ಬಂತು. ನೋಡ್ರಿ, ಎಂಥಾ ದಡ್ಡರು, ಬರೇ ಅಂದಾಜಿನ ಮ್ಯಾಲೆ ದೇಶಾ ಒಡದ್ರು ಅಂತ ಎಲ್ಲಾರೂ ಹಲ್ಲು ಕಿಸಿದ್ರು. ಹಂಗ ಹುಡುಕಿದವ್ರು ಎಷ್ಟು ಮಂದಿ, ಹೋಗೋಣು ಅಂದವ್ರೋ ಇರೋಣು ಅಂದವ್ರೋ ವೋಟೇ ಹಾಕದವ್ರೋ, ಅದ್ಯಾವುದೂ ಆ ಸುದ್ದಿಯೊಳಗ ಇರಲಿಲ್ಲ. ಶಾಲಿ ಹುಡುಗ್ರು ಹೋಂವರ್ಕಿಗೆ ಹುಡುಕಿದ್ರೂ ಅದು ಲೆಕ್ಕಕ್ಕ ಬರ್ತದ. ಆದ್ರ ಇನ್ನೊಬ್ಬರನ್ನ ದಡ್ಡರು ಅನ್ನೂ ಅವಕಾಶ ಸಿಕ್ಕರ ಯಾರು ಲೆಕ್ಕಾ ಕೇಳ್ತಾರ?

ಆಮ್ಯಾಲೆ ಮುದುಕರ ಮ್ಯಾಲೆ ಬಿದ್ರು. ಸಣ್ಣ ವಯಸ್ಸಿನವ್ರು ನೂರಕ್ಕ ಎಪ್ಪತ್ತರ ಮ್ಯಾಲೆ ಇರೋಣು ಅಂದಿದ್ರು, 65 ದಾಟಿದವ್ರು ನೂರಕ್ಕ ಅರವತ್ತು ಮಂದಿ ಹೋಗೋಣು ಅಂದಿದ್ರು ಅಂತ ಸರ್ವೆದಾಗ ಬಂದಿತ್ತು. ಸಾಕಾತು. ಸಾಯೂ ವಯಸ್ಸಿನ್ಯಾಗ ನಮ್ಮ ಬದುಕು ಹಾಳ ಮಾಡಿದ್ರಿ ಅಂತ ಮಕ್ಕಳು ಅವ್ವ ಅಪ್ಪಗ ಅಂದ್ರು. ಮನಿಗೆ ಬರೂದು ಬಿಟ್ರು, ಫೋನು ಬಿಟ್ರು. ಮುದುಕರಿಗೆ ವೋಟ್ ಯಾಕ ಕೊಡಬೇಕು ಅಂತ ಕೇಳಿದವ್ರೂ ಇದ್ರು. ಎಂಬತ್ತು ವರ್ಷದಾಕಿ, ಯುದ್ಧದ ಕಾಲ ಕಂಡು, ರೇಶನ್ನಿನ ಸಕ್ಕರಿ ತಿಂದು ಬೆಳದಾಕಿ, ಆಕೀನ್ನ ಮೊಮ್ಮಗ ಹಿಂಗಂದ್ರ ಹೆಂಗಾಗಿರಬೇಕು? ನಮ್ಮ ಮನ್ಯಾಗ ಎಲೆಕ್ಷನ್ ಬಂದಾಗ ಅಜ್ಜಿ ಒಂದು ಕಡೆ, ಮೊಮ್ಮಕ್ಕಳು ಒಂದು ಕಡೆ ಆಗೂದು ಹೊಸಾದೇನಲ್ಲ. ಆದ್ರ ಊಟದ ಹೊತ್ತಿಗೆ ತಾಟು ಹಾಕೂದನ್ನಂತೂ ಯಾರೂ ಬಿಟ್ಟಿಲ್ಲ, ನಾ ಕಂಡಂಗ.

ಸಂಡರ್‌ಲ್ಯಾಂಡ್ ಅಂತ ಒಂದು ಊರದ. ನಿಸಾನ್ ಕಾರಿನ ದೊಡ್ಡ ಫ್ಯಾಕ್ಟರಿ ಅದ ಅಲ್ಲೆ, ತಯಾರಾದ ಕಾರು ಹೆಚ್ಚಿನವು ಯುರೋಪಿಗೇ ಹೋಗ್ತಿದ್ವು. ಅಂಥಾ ಊರು ನೂರಕ್ಕ 61 ಹೋಗೋಣು ಅಂತು. ತಮ್ಮ ಅನ್ನಕ್ಕ ತಾವ ಮಣ್ಣು ಹಾಕ್ಕೊಂಡ್ರು ಅಂತ ನಕ್ಕವ್ರಿಗೆ ಲೆಕ್ಕ ಇಲ್ಲ. ಆ ಊರಾಗ ಮೊದಲು ಹಡಗು ಕಟ್ಟತಿದ್ರು, ಕಲ್ಲಿದ್ದಲು ತಗೀತಿದ್ರು. ಅವೆರಡೂ ಬಂದ್ ಆಗಿ ಎಷ್ಟೋ ವರ್ಷ ಆಗಿತ್ತು. ಆವಾಗ ಇದ ಪೇಪರಿನವ್ರು ಯಾರೂ ಅಲ್ಲೆ ಹೋಗಿ ನಿಮಗ ಹೆಂಗದ ಅಂತ ಕೇಳಿರಲಿಕ್ಕಿಲ್ಲ ಅಂತ ನಂಗನಸ್ತದ. ಇನ್ನ ಬಾಸ್ಟನ್. ಅಮೆರಿಕಾದ್ದಲ್ಲ, ಇಂಗ್ಲೆಂಡಿನ ಲಿಂಕನ್‌ಶೈರಿನ ಸಣ್ಣ ಊರು. ಸುತ್ತಲೂ ಕ್ಯಾಬೀಜು, ಹೂಕೋಸು, ಬಟಾಟಿ ಹೊಲ. ಹೋಗೋಣು ಅಂದವ್ರು ಇಡೀ ದೇಶದಾಗ ಅಲ್ಲೇ ಎಲ್ಲಾದಕ್ಕಿಂತ ಹೆಚ್ಚು, ನೂರಕ್ಕ 75 ದಾಟಿತ್ತು. ಆ ಹೊಲದಾಗ, ಪ್ಯಾಕಿಂಗ್ ಶೆಡ್ಡಿನ್ಯಾಗ ದುಡೀಲಿಕ್ಕೆ ಪೋಲಂಡ್, ಲಿಥುವೇನಿಯಾ, ಲ್ಯಾಟ್ವಿಯಾದಿಂದ ಮಂದಿ ಬಂದಿದ್ರು. ಕೆಲವೇ ವರ್ಷದಾಗ ಸಣ್ಣ ಊರು ತುಂಬಿತು. ಬಾಡಿಗಿ ಏರ್ತು, ಡಾಕ್ಟರ ಹತ್ರ ಪಾಳಿ ಉದ್ದ ಆತು. ನಮ್ಮ ಓಣ್ಯಾಗ ಪಿಜಿ ಆದಮ್ಯಾಲೆ ನಳದ ನೀರಿಗೆ ನಾವು ಎಷ್ಟು ಜಗಳಾಡೇವಿ ನೆನಸ್ಕೊಳ್ರಿ. ಅವರ ತ್ರಾಸು ಖರೇ ಇತ್ತು. ದೋಷ ಯಾರದು ಅಂತ ಬೊಟ್ಟು ಮಾಡಿದ್ದು ತಪ್ಪಾಗಿತ್ತು ಅಂತ ನಾ ಅಂತೇನಿ, ಆದ್ರ ತ್ರಾಸ ಸುಳ್ಳು ಅಂತ ಅನ್ನಲಾರೆ.

ಅವರಿಗೆ ಸುಳ್ಳು ಹೇಳಿದ್ದಂತೂ ಹೌದು. ಯುರೋಪಿಗೆ ವಾರಕ್ಕ 35 ಕೋಟಿ ಪೌಂಡ್ ಕಳಸ್ತೀವಿ, ಅದನ್ನ ನಮ್ಮ ದವಾಖಾನಿಗೆ ಹಾಕೋಣು ಅಂತ ಒಂದು ಕೆಂಪು ಬಸ್ಸಿನ ಮ್ಯಾಲೆ ಬರಸ್ಕೊಂಡು ಊರೂರು ತಿರುಗಿದ್ರು. ವಾಪಸ್ ಬರೂ ರೊಕ್ಕ ಅದರಾಗ ಕಳದಿರಲಿಲ್ಲ. ರಿಸಲ್ಟ್ ಬಂದ ಮುಂಜಾನೆನ ನೈಜೆಲ್ ಫರಾಜ್ ಟಿವಿಯೊಳಗ ಕೂತು, ಆ ಮಾತಿಗೆ ತಾನು ಖಾತ್ರಿ ಕೊಡೂದಿಲ್ಲ, ಹಂಗ ಹೇಳಿದ್ದು ತಪ್ಪು ಅಂದ್ರು. ಕನ್ಯಾ ತೋರಿಸೂಮುಂದ ಹತ್ತು ತೊಲಿ ಅಂದು, ಅಕ್ಷತಿ ಬಿದ್ದ ಕೂಡ್ಲೆ ಅದು ಬ್ಯಾರೆಯವ್ರು ಅಂದ ಮಾತು ಅಂದಂಗಾತು. (ಆ ಬಸ್ಸು ಅವರ ಗುಂಪಿಂದಲ್ಲ, ಇನ್ನೊಂದು ಗುಂಪಿಂದು, ಅದೂ ಖರೇ. ಬೀಗರು ಬೀಗರು ಒಬ್ಬರ ಮ್ಯಾಲೆ ಒಬ್ಬರು ಹಾಕಿದ್ರ ಹುಡುಗಿಗೇನು ಉಪಯೋಗ?)

ಇನ್ನೊಂದು ತಮಾಷಿ. ಎರಡನೇ ಸಲಾ ಜನಮತ ಕೇಳ್ರಿ ಅಂತ ಒಂದು ಮನವಿಗೆ 40 ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದ್ರು, ಎಲ್ಲಾ ಸೋತ ಕಡೆಯವ್ರ. ಆ ಮನವಿ ಸುರು ಮಾಡಿದ್ದು ಯಾರು ಗೊತ್ತದ? ಹೋಗೋಣು ಅನ್ನೂ ಕಡೆಯ ಹುಡುಗ ಒಬ್ಬಾಂವ, ಅದೂ ವೋಟಿಂಗಿನ ಮೊದಲ, ತಮ್ಮ ಕಡೆ ಸೋಲ್ತದ ಅಂತ ತಿಳದು. 52-48 ಆಗಿ ತಾವು ಸೋತ್ರ ಜಗಳಾ ಮುಗೀಲಿಲ್ಲ ಅಂತ ತಿಳೀರಿ ಅನ್ನೂ ಅರ್ಥದ ಮಾತು ಫರಾಜೂ ಮೇ ತಿಂಗಳದಾಗ ಆಡಿದ್ರು. ಆಂಕಿ ಅದ ಬಂತು, ಕಡೆ ಬ್ಯಾರೆ ಆತು. ಗೆದ್ದವ್ರು ಜನಾ ಹೇಳ್ಯಾರ, ಸುಮ್ಮನಿರ್ರಿ ಅಂದ್ರು. ಸೋತವ್ರು ಇದು ಲೆಕ್ಕಕ್ಕಿಲ್ಲ ಅಂದ್ರು. ಉಲ್ಟಾ ಆಗಿದ್ರ ಉಲ್ಟಾ ಅಂತಿದ್ರು.

ಗೆದ್ದವ್ರ ಮಾತಿಗೆ ಬರ್ತೇನಿ. ಒಂದು ಕೋಟಿ 74 ಲಕ್ಷ ಮಂದಿಯೆಲ್ಲಾ ಹಂಗಿದ್ರು ಅಂತ ಅನ್ನೂದಿಲ್ಲ, ಹಂಗಂದ್ರ ಪಾಪ ಹತ್ತತದ. ಭಾಳಷ್ಟು ಮಂದಿ ಮನಿಯೊಳಗ ಒಂದು ಕಪ್ಪು ಚಹಾ ಕುಡದು ಸಂತೋಷ ಪಟ್ಟಾರ. ಆದ್ರ ರಿಸಲ್ಟ್ ಬಂದ ದಿವಸನ ಹಂಟಿಂಗ್‌ಡನ್ ಅನ್ನೂ ಊರಾಗ ಪೋಲಿಶ್ ಮಂದಿ ಮನಿ ಮುಂದ, ಸಾಲಿ ಹತ್ರ, ಸಣ್ಣ ಸಣ್ಣ ಚೀಟಿ ಸಿಕ್ಕವು. ಅವರನ್ನ ಹುಳಾ-ಹೆಗ್ಗಣಕ್ಕ ಹೋಲಿಸಿ, ಸಾಕು ಹೋಗ್ರಿ ಅಂತ ಇಂಗ್ಲಿಷಿನ್ಯಾಗೂ ಪೋಲಿಶಿನ್ಯಾಗೂ ಛಾಪಿಸಿದ್ರು. ರಾತ್ರೋರಾತ್ರಿ ಆಗೂ ಕೆಲಸ ಅಲ್ಲ ಅದು, ಮೊದಲ ಕೂತು ತಯಾರಿ ಮಾಡಿರಬೇಕು. ರವಿವಾರ ಮುಂಜಾನೆ ಲಂಡನ್ನಿನ ಹ್ಯಾಮರ್‌ಸ್ಮಿತ್ತಿನ ಪೋಲಿಶ್ ಮಂದೀ ಕೇಂದ್ರದ ಬಾಗಲ ಮ್ಯಾಲೆ ಯಾರೋ ಹೊಲಸು ಬರದು ಹೋಗಿದ್ರು. ಜೂನ್ ತಿಂಗಳ ಎರಡನೇ ಅರ್ಧದಾಗ ಇಂಥಾ ದ್ವೇಷದ ದೂರು ಪೊಲೀಸರಿಗೆ ಮೂರು ಸಾವಿರಕ್ಕಿಂತ ಹೆಚ್ಚು ಬಂದವು, ಹಿಂದಿನ ವರ್ಷಕ್ಕಿಂತ ನೂರಕ್ಕ 42 ಹೆಚ್ಚು. ಆ ಲೆಕ್ಕ ಸುರು ಆಗೂದು ಜೂನ್ 16ಕ್ಕ. ಅವತ್ತ ಜೋ ಕಾಕ್ಸ್ ಅನ್ನೂ ಎಂಪಿ ಒಬ್ಬಾಕಿನ್ನ, ಎರಡು ಸಣ್ಣ ಮಕ್ಕಳ ತಾಯಿನ್ನ, ಹಾಡಹಗಲ ರಸ್ತೇದಾಗ ಕೊಂದಿದ್ದ ಒಬ್ಬಾಂವ. ವೋಟಿಂಗ್‌ಗೆ ಒಂದು ವಾರ ಇತ್ತು.

ಹಂಗಂತ ಎಲ್ಲಾ ಕೆಟ್ಟದ್ದನ ಆತು ಅನ್ನಬ್ಯಾಡ್ರಿ. ಆ ಪೋಲಿಶ್ ಕೇಂದ್ರಕ್ಕ ಮಂದಿ ಹೂವಿನ ಗುಚ್ಛ ಕಳಸಿದ್ರು, ಚೀಟಿ ಬರದಿಟ್ರು. ಅಂಗಿಗೆ ಒಂದು ಸೇಫ್ಟಿ ಪಿನ್ ಚುಚ್ಚಿಕೊಂಡು ಅಡ್ಡಾಡ್ಲಿಕ್ಕೆ ಸುರು ಮಾಡಿದ್ರು. ನನ್ನ ಹತ್ರ ನಿಮಗ ಭಯ ಇಲ್ಲ, ಬಾಜೂ ಸೀಟಿನ್ಯಾಗ ಕೂಡ್ರಿ ಅಂತ ಅದರ ಅರ್ಥ. ಇದನ್ನ ಓದಿ ನಂಗ ನಗು ಬಂತು, ಯಾಕಂದ್ರ ನಮ್ಮ ಹೆಂಗಸರ ಬಳಿಗೆ, ಮಂಗಳಸೂತ್ರಕ್ಕ ಯಾವಾಗ್ಲೂ ನಾಕು ಪಿನ್ ಜೋತಾಡ್ತಿರ್ತಾವ. ಬಸ್ಸಿನ್ಯಾಗ ಯಾರದರೆ ಸೆರಗು ಹರದ್ರ, ಹುಡುಗಿಯೊಬ್ಬಾಕಿ ಚಪ್ಪಲ್ಲು ಕಿತ್ರ, ಕೇಳೂ ಮೊದಲ ಕೈಗೆ ಕೊಡ್ತೀವಿ. ಪಿನ್ ಚುಚ್ಚಿಕೊಂಡ್ರ ಏನಾತು, ಬರೇ ತೋರಿಕಿ ಅಂತ ದೊಡ್ಡ ದೊಡ್ಡವ್ರು ಬರದ್ರು. ಇರಬಹುದು. ನಂಗ ಅನಸೂದಂದ್ರ, ರಾತ್ರಿ ಒಂಬತ್ತರ ಬಸ್ಸಿನ್ಯಾಗ ಒಬ್ಬಾಕೀನ ಕೂತ ಪೋಲಿಶ್ ಹೆಂಗಸಿಗೆ ಆ ತೋರಿಕಿನೂ ಬೇಕಾಗಿತ್ತು.

ಈಗ ನಮ್ಮ ಮಾತು. ಇದನ್ನ ಬರೀಲಿಕ್ಕೆ ನಂಗ ಒಂದು ವಾರ ಹಿಡೀತು, ಯಾಕಂದ್ರ ಇದು ನಮ್ಮ ನೆಗೆಣ್ಣಿ ತಂಗಿ ಸುದ್ದಿ, ಆಕಿನೂ ಇದನ್ನ ಓದ್ತಾಳ. ಕೇಳಿದೆ, "ಬರೀರಿ ಅಕ್ಕಾ, ಊರ ಹೆಸರೊಂದು ಹಾಕಬ್ಯಾಡ್ರಿ" ಅಂದ್ಲು.

ನಮ್ಮೊಳಗ ಭಾಳ ಮಂದಿಗೆ ಗೊತ್ತಿಲ್ಲದ ಸಂಗತಿ ಒಂದದ. ಆ ಜನಮತದಾಗ ಬ್ರಿಟನ್ನಿನ್ಯಾಗ ವಾಸ ಇದ್ದ ಭಾರತದ ಮಂದಿಗೆ ವೋಟ್ ಇತ್ತು. ಅಲ್ಲೀ ಪೌರತ್ವ ತಗೊಂಡವ್ರಿಗಷ್ಟ ಅಲ್ಲ, ನಮ್ಮ ನೀಲಿ ಪಾಸ್‌ಪೋರ್ಟ್ ಇದ್ದವ್ರಿಗೂ. ಕಾಮನ್‌ವೆಲ್ತ್ ದೇಶದವ್ರು ಅನ್ನೂ ಲೆಕ್ಕದಾಗ. ಪಾಕಿಸ್ತಾನದವ್ರಿಗೂ ಬಾಂಗ್ಲಾದವ್ರಿಗೂ ಶ್ರೀಲಂಕಾದವ್ರಿಗೂ ಇತ್ತು. ಆದ್ರ ಅಲ್ಲೇ ಇಪ್ಪತ್ತು ವರ್ಷ ಇದ್ದು, ಟ್ಯಾಕ್ಸು ಕಟ್ಟಿ, ಮಕ್ಕಳನ್ನ ಹಡದ ಪೋಲಂಡಿನಾಕಿಗೆ, ಇಟಲಿಯಾಕಿಗೆ, ಫ್ರಾನ್ಸಿನಾಕಿಗೆ ಇರಲಿಲ್ಲ. ಐರ್ಲೆಂಡ್, ಮಾಲ್ಟಾ, ಸೈಪ್ರಸ್ ಬಿಟ್ರ ಯುರೋಪಿನ ಯಾರಿಗೂ ಇರಲಿಲ್ಲ. ಸುಮಾರು 30 ಲಕ್ಷ ಮಂದಿ ಅವರು. ಯಾರ ಬಗ್ಗೆ ಅಷ್ಟೆಲ್ಲಾ ಜಗಳಾ ಆತೋ ಅವರನ್ನ ಒಬ್ಬರೂ ಕೇಳಲಿಲ್ಲ. ಹೆಣ್ಣು ನೋಡೂ ಕಾರ್ಯಕ್ರಮದಾಗ ಹುಡುಗೀನ್ನ ಒಳಗ ಕೂಡಿಸಿ ಎಲ್ಲಾರೂ ಮಾತಾಡಿ ಮುಗಿಸಿದಂಗ.

ನಮ್ಮ ನೆಗೆಣ್ಣಿ ತಂಗಿ ಗಂಡನ ಜೋಡಿ 2014ರಾಗ ಹೋಗಿದ್ಲು. ಎರಡು ವರ್ಷ ಆಗಿತ್ತು. ಬಾಜೂ ಮನಿಯಾಗ ಪೋಲಿಶ್ ಹೆಂಗಸು ಒಬ್ಬಾಕಿ, ಹನ್ನೊಂದು ವರ್ಷದಿಂದ ಅಲ್ಲೇ ಇದ್ಲು. ಬಾಯ್ಲರ್ ಹೆಂಗ ಹಚ್ಚೂದು, ಕಸಾ ಯಾವ ವಾರ ಯಾವ ಡಬ್ಬಿಯೊಳಗ ಹಾಕೂದು, ಕೂಸಿಗೆ ಜ್ವರಾ ಬಂದ್ರ ಯಾವ ನಂಬರಿಗೆ ಫೋನು ಮಾಡೂದು, ಎಲ್ಲಾ ಕಲಿಸಿದಾಕಿ ಆಕೀನ. ಕೂಸು ಆಕಿಗೆ ಚೋಚಾ ಅಂತಿತ್ತು, ಅವರ ಭಾಷಾದಾಗ ಮೌಶಿ ಅಂದಂಗ. ಈಕಿ ಕೆಲಸಕ್ಕ ಹೋದಾಗ ಕೂಸನ್ನ ಇಟ್ಕೊಳ್ಳಾಕಿನೂ ಆಕೀನ.

ಈಕಿ ಹೋಗೋಣು ಅಂತ ವೋಟ್ ಹಾಕಿದ್ಲು.

ಯಾಕಂದ್ರ ಅವ್ವ ಅಪ್ಪನ್ನ ಕರಸ್ಕೋಬೇಕಂದ್ರ ವೀಸಾ ತ್ರಾಸು. ಅಣ್ಣಗ ಕೆಲಸದ ವೀಸಾ ಸಿಗಲಿಲ್ಲ. ಯುರೋಪಿನವ್ರು ಮಾತ್ರ ಬಾಗಲಾ ದೂಡಿದ್ರ ಒಳಗ, ನಮಗ ಸಾವಿರ ಕಾಗದಾ. ಅದು ಖರೇನ. ಅವರನ್ನ ನಿಲ್ಲಿಸಿದ್ರ ನಮ್ಮವ್ರಿಗೆ ಜಾಗಾ ಆಗ್ತದ ಅಂತ ಆವಾಗ ಭಾಳ ಮಂದಿ ಹೇಳಿದ್ರು. ಪ್ರೀತಿ ಪಟೇಲ್ ಅನ್ನೂ ಮಂತ್ರಿ, ಅವ್ವ ಅಪ್ಪ ಗುಜರಾತಿ ಮೂಲದವ್ರು, ಕರ್ರಿ ಹೋಟೆಲ್ ಉಳಿಸ್ರಿ ಅಂತನ ಪ್ರಚಾರ ಮಾಡಿದ್ರು: ಯುರೋಪಿನಿಂದ ಹೊರಗ ಬಂದ್ರ ನಮ್ಮ ಕಡೆಯ ಅಡಗಿಯವ್ರಿಗೆ ವೀಸಾ ಸಸಾರ ಆಗ್ತದಂತ. ಬಾಂಗ್ಲಾದೇಶಿ ಹೋಟೆಲ್ ಮಾಲಕರು ಅದನ್ನ ನಂಬಿ ಮಂದೀನ್ನ ಕೂಡಿಸಿದ್ರು. ಅಲ್ಲೀ ಏಷ್ಯಾದವ್ರೊಳಗ ಮೂರರಾಗ ಎರಡು ಪಾಲು ಇರೋಣು ಅಂತನ ಹಾಕಿದ್ರು ಅಂತ ಸರ್ವೆ ಹೇಳ್ತದ, ಅದನ್ನ ಮರೀಬಾರದು. ಉಳದ ಒಂದು ಪಾಲಿನ್ಯಾಗ ನಮ್ಮಾಕಿ ಇದ್ಲು.

ಆಕಿ ವೋಟಿನ ಮ್ಯಾಲೆ ನನ್ನ ತಕರಾರು ಇಲ್ಲ. ಅವ್ವ ಅಪ್ಪನ ನೆನಪಿಲೆ ಹಾಕಿದ ವೋಟು ಅದು. ನನ್ನ ತಕರಾರು ಆ ಶುಕ್ರವಾರ ಆಕಿ ಫೋನಿನ್ಯಾಗ ಆಡಿದ ಮಾತಿಗೆ, ಇಲ್ಲೆ ನಾವೆಲ್ಲಾ ಹೌದವಾ ಹೌದು ಅಂದದ್ದಕ್ಕ. "ಈ ಪೋಲಿಶ್ ಮಂದಿ ಭಾಳ ತುಂಬಿದ್ರು ಅಕ್ಕಾ" ಅಂದ್ಲು. ಹೋಗಿ ಎರಡು ವರ್ಷ ಆಗಿತ್ತು ಆಕಿ! ಹುಬ್ಬಳ್ಳಿಯೊಳಗ ನೂಕ್ಕೊಂಡು ರೈಲು ಹತ್ತಿದಾಂವ, ಧಾರವಾಡ ಬರೂದ್ರಾಗ "ಜಾಗಾ ಇಲ್ರೀ, ಮುಂದಿನ ಡಬ್ಬಿಗೆ ಹೋಗ್ರಿ" ಅಂತ ಬಾಗಲಾ ಹಿಡದು ನಿಂತಿರ್ತಾನಲ್ಲಾ, ಹಂಗ. ನಮ್ಮ ಮನೀ ಗಂಡಸ್ರು ಅಂತೂ ಅವತ್ತ ದೊಡ್ಡ ಪಂಡಿತರಾಗಿದ್ರು. ಒಬ್ಬರು "ವಾಟ್ನಿ ಆತು ನೋಡ್ರಿ, ಒಟ್ಟಕುಟುಂಬ ಒಡೀತು" ಅಂದ್ರು, ಇನ್ನೊಬ್ಬರು "ಸೊಸಿ ಬ್ಯಾರೆ ಮನಿ ಮಾಡಿದ್ಲು" ಅಂದ್ರು. ಯಾವ ದೇಶ ಒಡದ್ರೂ ಸೊಸಿ ಮ್ಯಾಲೆನ ಬರ್ತದ ಮಾತು. ವಾಟ್ನಿಯೊಳಗ ಹೊಲಾ ಹಂಚತೀವಿ, ತೊಲಿ ಬಂಗಾರ ಹಂಚತೀವಿ. ಇಲ್ಲೆ ಹಂಚ್ಲಿಕ್ಕೆ ಕೂತದ್ದು ಮಂದೀನ್ನ. ಅವರು ಮನಿ ಕಟ್ಟಿ, ಸಾಲಿಗೆ ಮಕ್ಕಳನ್ನ ಹಾಕಿ ಕೂತಿದ್ರು.

ಚೋಚಾ ಏನೂ ಅನ್ನಲಿಲ್ಲಂತ. ಸೋಮವಾರ ಎಂದಿನಂಗ ಮೂರೂವರಿಗೆ ಕೂಸನ್ನ ನರ್ಸರಿಯಿಂದ ಕರಕೊಂಡು ಬಂದ್ಲಂತ. ಬಾಗಲದಾಗ ನಿಂತು, ನಮಗ ಯಾರಿಗೂ ವೋಟ್ ಇರಲಿಲ್ಲ, ನಿಮಗಿತ್ತಲ್ಲಾ ಅಂದ್ಲಂತ. ನೀ ಯಾವುದಕ್ಕ ಹಾಕಿದಿ ಅಂತ ಕೇಳಲಿಲ್ಲ. ಈಕಿ ಚಹಾ ಮಾಡ್ತೇನಿ ಬಾ ಅಂದ್ರ ಕೆಲಸದ ಅಂತ ಹೋದ್ಲು. ಆಮ್ಯಾಲೂ ಕೂಸನ್ನ ನೋಡ್ಕೊಂಡ್ಲು, ಮಾತಾಡಿದ್ಲು, ಕ್ರಿಸ್‌ಮಸ್ಸಿಗೆ ಕೇಕು ಕೊಟ್ಲು. ಚಹಾಕ್ಕ ಮಾತ್ರ ಒಳಗ ಬರಲಿಲ್ಲ.

ವೀಸಾದ ಮಾತು ಏನಾತು ಅಂತ ಕೇಳ್ತೀರಿ. ಕ್ಯಾಮರೂನ್ ಆದಮ್ಯಾಲೆ ಬಂದ ಥೆರೆಸಾ ಮೇ 2016ರ ನವೆಂಬರದಾಗ ನಮ್ಮ ದೇಶಕ್ಕ ಬಂದ್ರು. ಬೆಂಗಳೂರಿಗೂ ಬಂದ್ರು, ಸೀರಿ ಉಟಗೊಂಡು ಹಲಸೂರಿನ ಸೋಮೇಶ್ವರ ಗುಡಿಗೆ ಹೋದ್ರು. ವೀಸಾ ಸಡಿಲ ಮಾಡ್ರಿ ಅಂದ್ರ ಈಗಿದ್ದದ್ದ ಛಲೋ ಅದ ಅಂದು ಹೋದ್ರು. ಅವತ್ತ ರಾತ್ರಿನ ನಮ್ಮಲ್ಲೆ ಐದನೂರು ಸಾವಿರದ ನೋಟ್ ಬಂದ್ ಆತು, ಹಿಂಗಾಗಿ ಆಕಿ ಸೀರಿ ಯಾರಿಗೂ ನೆನಪುಳೀಲಿಲ್ಲ. ಕರ್ರಿ ಹೋಟೆಲಿನವ್ರು ನಮಗ ಮೋಸ ಆತು ಅಂತ ಪೇಪರಿನ್ಯಾಗ ಹೇಳಿದ್ರು.

ಯುರೋಪಿನ ಮಂದಿಗೆ ಏನಾತು ಅನ್ನೂದು ಹೆಂಗಸರಾದ ನಾವು ಚಂದಗೆ ತಿಳಕೋಬೇಕಾದ ಸಂಗತಿ. ಮೂವತ್ತು ವರ್ಷ ಇದ್ದವ್ರೂ ಇರ್ಲಿಕ್ಕೆ ಹೊಸಾ ಅರ್ಜಿ ಹಾಕಬೇಕಾತು. 2021ರ ಜೂನ್ 30ಕ್ಕ ಕಡೀ ದಿವಸ; ಅಷ್ಟೊತ್ತಿಗೆ 60 ಲಕ್ಷ ಅರ್ಜಿ ಬಂದಿದ್ವು. ಪಗಾರ ಇದ್ದವ್ರದು ಟ್ಯಾಕ್ಸಿನ ದಫ್ತರದಾಗ ತಾನ ಸಿಗತಿತ್ತು, ಐದು ನಿಮಿಷದ ಕೆಲಸ. ಮನ್ಯಾಗ ಕೂತು ಮಕ್ಕಳನ್ನ ಬೆಳಸಿದಾಕಿ ಏನು ತೋರಸಬೇಕು? ಲೈಟ್ ಬಿಲ್ಲು ಗಂಡನ ಹೆಸರಿಲೆ. ಬಾಡಿಗಿ ಕಾಗದಾ ಗಂಡನ ಹೆಸರಿಲೆ. ಐದು ವರ್ಷ ಇಲ್ಲೇ ಇದ್ದೆ ಅಂತ ತೋರಸ್ಲಿಕ್ಕೆ ಡಾಕ್ಟರ ಚೀಟಿ, ಸಾಲಿ ಪತ್ರ ಹುಡಕಬೇಕು. ನಿಮ್ಮ ನಿಮ್ಮ ಕಪಾಟು ತಗದು ನೋಡ್ರಿ, ಈ ಮನ್ಯಾಗ ನಾ ಐದು ವರ್ಷ ಇದ್ದೆ ಅಂತ ನಿಮ್ಮ ಹೆಸರಿಲೆ ಎಷ್ಟು ಕಾಗದಾ ಅವ ಅಂತ. ನಾ ನೋಡಿದೆ. ರೇಶನ್ ಕಾರ್ಡು, ಆಧಾರ ಬಿಟ್ರ ಗ್ಯಾಸಿನ ಪುಸ್ತಕ ಒಂದದ.

ಲಂಡನ್ನಿನ್ಯಾಗ ಥೇಮ್ಸ್ ನದಿ ದಂಡಿ ಮ್ಯಾಲೆ, ಲ್ಯಾಂಬೆತ್ ಅನ್ನೂ ಭಾಗದಾಗ ನಮ್ಮ ಬಸವಣ್ಣನವರ ಮೂರ್ತಿ ಅದ. 2015ರ ನವೆಂಬರದಾಗ ಪ್ರಧಾನಮಂತ್ರಿ ಮೋದಿಯವ್ರು ಉದ್ಘಾಟನೆ ಮಾಡಿದ್ರು, ಜನಮತಕ್ಕ ಏಳು ತಿಂಗಳು ಮೊದಲು. ಅಲ್ಲೆ ಹೋದ ನಮ್ಮವ್ರೆಲ್ಲಾ ಅದರ ಮುಂದ ನಿಂತು ಫೋಟೊ ತಗೊಂಡು ಕಳಸ್ಯಾರ, ನಮ್ಮಾಕಿನೂ ಕಳಸ್ಯಾಳ. ಇಡೀ ಬ್ರಿಟನ್ನಿನ್ಯಾಗ ಇರೋಣು ಅಂತ ಎಲ್ಲಾರಕ್ಕಿಂತ ಹೆಚ್ಚು ಮಂದಿ ಅಂದದ್ದು ಆ ಲ್ಯಾಂಬೆತ್ತಿನ್ಯಾಗನ, ನೂರಕ್ಕ 78ರ ಮ್ಯಾಲೆ. ಇದು ಬರೇ ಯೋಗಾಯೋಗ, ಬಸವಣ್ಣನವರಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ನಂಗೂ ಗೊತ್ತದ. ಆದ್ರ ಅವರ ಯಾವ ವಚನ ನಂಗ ನೆನಪಾತು ಅಂತ ಬರಿಯೂದು ಬ್ಯಾಡ; ನಿಮಗೂ ಅದ ನೆನಪಾಗಿರ್ತದ.

2020ರ ಜನವರಿ 31ಕ್ಕ ಬ್ರಿಟನ್ ಹೊರಗ ಬಂತು. ಯುರೋಪಿನವ್ರು ಬರೂದು ಕಡಿಮಿ ಆತು. ದವಾಖಾನಿಗೆ, ಮುದುಕರನ್ನ ನೋಡ್ಕೊಳ್ಳಿಕ್ಕೆ, ಯುನಿವರ್ಸಿಟಿಗೆ ಮಂದಿ ಬೇಕಲ್ಲಾ, ನಮ್ಮ ಕಡೆಯವ್ರಿಗೆ ಬಾಗಲಾ ತಗದ್ರು. 2023ರ ಹೊತ್ತಿಗೆ ಬಂದವ್ರೊಳಗ ಹೋದವ್ರನ್ನ ಕಳದ್ರೂ ವರ್ಷಕ್ಕ 9 ಲಕ್ಷ ಉಳೀತಿದ್ರು, ಮೊದಲು ಅದು ಮೂರು ಲಕ್ಷದ ಆಸುಪಾಸು ಇತ್ತು. ಎಲ್ಲಾದಕ್ಕಿಂತ ಹೆಚ್ಚು ಬಂದವ್ರು ಭಾರತದವ್ರ. ಹೊರಗಿನವ್ರು ಕಡಿಮಿ ಆಗ್ಲಿ ಅಂತ ವೋಟ್ ಹಾಕಿದ ಬಾಸ್ಟನ್ನಿನ ಮುದುಕಗ ಹೆಂಗಾಗಿರಬೇಕು ನೀವ ಹೇಳ್ರಿ. ಆವಾಗ ಆಂವ ಚೋಚಾಗ ಅಂದ ಮಾತು ಈಗ ನಮ್ಮ ಹುಡುಗೂರ ಕಡೆ ತಿರುಗೇದ. 2024ರ ಬ್ಯಾಸಗಿಯೊಳಗ ಸೌತ್‌ಪೋರ್ಟಿನ್ಯಾಗ ಮೂರು ಸಣ್ಣ ಹುಡುಗ್ಯಾರ ಕೊಲಿ ಆತು. ಮಾಡಿದಾಂವ ದೋಣಿಯೊಳಗ ಬಂದ ಪರದೇಶಿ ಅಂತ ಸುಳ್ಳು ಸುದ್ದಿ ಹಬ್ಬಿ ಊರೂರಿಗೆ ಗಲಾಟಿ ಆತು. ಅದ ಸಂಡರ್‌ಲ್ಯಾಂಡಿನ್ಯಾಗ, ದವಾಖಾನಿಗೆ ಡ್ಯೂಟಿಗಂತ ಹೊಂಟಿದ್ದ ಫಿಲಿಪ್ಪೀನ್ಸಿನ ನರ್ಸುಗಳ ಟ್ಯಾಕ್ಸಿಗೆ ಕಲ್ಲು ಹೊಡದ್ರು. ಆ ವಾರ ನಮ್ಮ ಓಣ್ಯಾಗ ಐದೂ ಮನಿಯ ಅವ್ವಂದ್ರು ದಿವಸಾ ಮೂರು ಸಲ ಫೋನು ಮಾಡಿದ್ರು, ಹೊರಗ ಹೋಗಬ್ಯಾಡ್ರಿ ಅಂತ.

ಈಗ ಅಲ್ಲೆ ಯಾರನ್ನ ಕೇಳಿದ್ರೂ, ಹೊರಗ ಹೋದದ್ದು ತಪ್ಪಾತು ಅನ್ನವ್ರ ಹೆಚ್ಚು. ಸರ್ವೆದಾಗ ನೂರಕ್ಕ ಅರ್ಧಕ್ಕಿಂತ ಮ್ಯಾಲೆ. ಸೋತವ್ರು ಈಗ ಮತ್ತ ನಗ್ಲಿಕ್ಕೆ ಸುರು ಮಾಡ್ಯಾರ, ನಾವು ಹೇಳಿರಲಿಲ್ಲೇನು ಅಂತ. ಸಂಡರ್‌ಲ್ಯಾಂಡಿನಾಕಿ ಒಬ್ಬಾಕಿ ಹೌದು ತಪ್ಪಾತು ಅಂತ ಮನಸಿನ್ಯಾಗ ಅಂದ್ಕೊಂಡಿದ್ರೂ, ಆ ನಗು ಕೇಳಿ ಬಾಯಿ ಬಿಟ್ಟು ಹೇಳ್ತಾಳೇನು? ನಾನಾಗಿದ್ರ ಹೇಳ್ತಿರಲಿಲ್ಲ.

ಚೋಚಾ 2019ರಾಗ ಊರಿಗೆ ಹೋದ್ಲು. ಅವ್ವಗ ಆರಾಮಿರಲಿಲ್ಲಂತ, ಬ್ರೆಕ್ಸಿಟ್ಟಿನ ಸಲುವಾಗಿನ ಹೋದ್ಲು ಅಂತ ನಾ ಹೇಳೂದಿಲ್ಲ. ಹೋಗೂಮುಂದ ಕೂಸಿನ ಸಣ್ಣ ಅಂಗಿ ಒಂದು ತನ್ನ ಹತ್ರ ಉಳದಿತ್ತಂತ, ಒಗದು ಇಸ್ತ್ರಿ ಮಾಡಿ ಕೊಟ್ಟು ಹೋದ್ಲು. ಈಗ ಆ ಮನ್ಯಾಗ ಕೇರಳದ ನರ್ಸ್ ಒಬ್ಬಾಕಿ ಇದ್ದಾಳ, ಬಂದು ಎರಡು ವರ್ಷ ಆತು. ಕಸದ ಡಬ್ಬಿ ಲೆಕ್ಕ ನಮ್ಮಾಕೀನ ಹೇಳಿಕೊಟ್ಟಾಳ. ವೋಟರ್ ಲಿಸ್ಟಿನ್ಯಾಗ ಹೆಸರು ಹಚ್ಚಸ್ಲಿಕ್ಕೂ ಹೇಳ್ಯಾಳಂತ, ಆಕಿಗೆ ವೋಟ್ ಅದಲ್ಲಾ.